ಒರಟು ಮೈಯ ಉಕ್ಕು ಮತ್ತು ಶ್ರವಣಾತೀತ ಧ್ವನಿ

ಲೋಹದ ಒಡಲಲ್ಲಿ ಅಡಗಿದ ಬಿರುಕನ್ನಾಗಲಿ ಟೊಳ್ಳನ್ನಾಗಲಿ, ಅದನ್ನು ಕೊಯ್ಯದೆ ಒಡೆಯದೆ ಕಂಡುಹಿಡಿಯುವ ಉಪಾಯಗಳಲ್ಲಿ ಶ್ರವಣಾತೀತ ಧ್ವನಿಯ ಪರೀಕ್ಷೆ ಮುಖ್ಯವಾದುದು. ಇದರ ಸಾಧ್ಯತೆಯನ್ನು 1920ರ ದಶಕದ ಕೊನೆಗೆ ಲೆನಿನ್‌ಗ್ರಾಡಿನ ಸೊಕೊಲೊವ್ ಸೂಚಿಸಿದರು. ಪ್ರತಿಧ್ವನಿಯಿಂದ ದೋಷವನ್ನು ಅರಿಯುವ ಉಪಕರಣಕ್ಕೆ ಅಮೆರಿಕದ ಫ್ಲಾಯ್ಡ್ ಫೈರ್‌ಸ್ಟೋನ್ 1942ರಲ್ಲಿ ಪೇಟೆಂಟ್ ಪಡೆದರು. ಶೋಧಕದಿಂದ ಹೊರಟ ಸ್ಪಂದನವು ದೋಷಕ್ಕೆ ತಾಗಿ ಮರಳುತ್ತದೆ. ಮರಳಲು ಹಿಡಿದ ಕಾಲದಿಂದ ಆಳ ತಿಳಿಯುತ್ತದೆ. ತತ್ತ್ವವೇನೋ ಸರಳ. ಆದರೆ ಆ ಸರಳತೆ ನಯವಾದ ಮೈಗೆ ಸಲ್ಲುವಂಥದು. ಮರಳಿನ ಅಚ್ಚಿನಿಂದ ಹೊರಬಂದ ಎರಕದ ಉಕ್ಕಿಗೆ ಸಲ್ಲುವುದಿಲ್ಲ.

ಮೊದಲ ಅಡ್ಡಿ ಗಾಳಿಯದು. ಉಕ್ಕಿಗೂ ಗಾಳಿಗೂ ನಡುವಣ ಗಡಿಯಲ್ಲಿ ಈ ತರಂಗ ಬಹುಮಟ್ಟಿಗೆ ಪೂರ್ಣವಾಗಿ ಹಿಂದಿರುಗುತ್ತದೆ. ಒಳಗಿನ ಬಿರುಕು ಗೊತ್ತಾಗುವುದೂ ಈ ಗುಣದಿಂದಲೇ ಎಂಬುದು ಸ್ವಾರಸ್ಯ. ಎಣ್ಣೆ, ಗ್ರೀಸು, ಗ್ಲಿಸರಿನ್‌ಗಳನ್ನು ಸವರಿ ಮೇಲ್ಮೈಯ ಹಳ್ಳಗಳಿಂದ ಗಾಳಿಯನ್ನು ಹೊರಡಿಸಬಹುದು.

ಎರಡನೆಯ ಅಡ್ಡಿ ಹೆಚ್ಚು ಸೂಕ್ಷ್ಮವಾದುದು. ಹಳ್ಳಗಳಲ್ಲಿ ನೀರು ತುಂಬಿದೆ ಎಂದಿಟ್ಟುಕೊಳ್ಳೋಣ. ಧ್ವನಿ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,480 ಮೀಟರ್, ಉಕ್ಕಿನಲ್ಲಿ ಸುಮಾರು 5,900 ಮೀಟರ್ ಸಾಗುತ್ತದೆ. ಸೆಕೆಂಡಿಗೆ 20 ಲಕ್ಷ ಕಂಪನಗಳ ತರಂಗವನ್ನು ಬಳಸಿದಾಗ, ಹಳ್ಳದ ಆಳ ಅರ್ಧ ಮಿಲಿಮೀಟರ್ ಇದ್ದರೂ ಸಾಕು, ಅದರ ಮೂಲಕ ಹೋದ ಅಲೆ ಉಬ್ಬಿನ ಮೂಲಕ ಹೋದ ಅಲೆಗಿಂತ ಅರ್ಧ ಕಂಪನದಷ್ಟು ಹಿಂದುಳಿಯುತ್ತದೆ. ಆಗ ಒಂದರ ಏರು ಇನ್ನೊಂದರ ಇಳಿತದೊಡನೆ ಕೂಡಿ ಎರಡೂ ಅಳಿಸಿಹೋಗುತ್ತವೆ. 50 ಲಕ್ಷ ಕಂಪನಗಳಿಗೆ ಇಷ್ಟೇ ಹಾನಿಯನ್ನು 0.2 ಮಿಲಿಮೀಟರಿನ ಹಳ್ಳವೇ ಮಾಡುತ್ತದೆ. ಹಾಗಾದರೆ ಕಂಪನಸಂಖ್ಯೆಯನ್ನು ತಗ್ಗಿಸಬಾರದೇಕೆ? ತಗ್ಗಿಸಬಹುದು, ತಗ್ಗಿಸುತ್ತಾರೆ ಕೂಡ. ಆದರೆ 10 ಲಕ್ಷಕ್ಕೆ ಇಳಿಸಿದರೆ ಉಕ್ಕಿನಲ್ಲಿ ಅಲೆಯ ಉದ್ದ ಸುಮಾರು 6 ಮಿಲಿಮೀಟರ್ ಆಗುತ್ತದೆ. ಅದರ ಅರ್ಧಕ್ಕಿಂತ ಚಿಕ್ಕದಾದ ದೋಷಗಳ ಪ್ರತಿಧ್ವನಿ ಬಲು ಕ್ಷೀಣ.

ನಿಜವಾದ ಅಪಾಯವಿರುವುದು ಪರೀಕ್ಷಕನ ತೀರ್ಮಾನದಲ್ಲಿ. ಉಪಕರಣವನ್ನು ಹದಗೊಳಿಸುವುದು ನಯವಾದ ಮಾದರಿ ಗಟ್ಟಿಯ ಮೇಲೆ, ಅದರಲ್ಲಿ ಕೊರೆದ ರಂಧ್ರದ ಪ್ರತಿಧ್ವನಿಯನ್ನು ಅಳತೆಗೋಲಾಗಿಟ್ಟುಕೊಂಡು. ಅದೇ ಹದದಲ್ಲಿ ಒರಟು ಎರಕವನ್ನು ನೋಡಿದರೆ ಪರದೆ ಬರಿದಾಗಿರುತ್ತದೆ. ವರದಿಯಲ್ಲಿ 'ನಿರ್ದೋಷ' ಎಂದು ಬರೆದುಬಿಡುತ್ತಾರೆ. ಖಾತೆಯಲ್ಲಿ ನಮೂದಿಲ್ಲವೆಂದ ಮಾತ್ರಕ್ಕೆ ಸಾಲವೇ ಇಲ್ಲವೆಂದು ಯಾವ ಲೆಕ್ಕಪರಿಶೋಧಕನೂ ಹೇಳನು.

ಇದಕ್ಕೆ ಸಾಕ್ಷಿಯಾಗಬಲ್ಲುದು ಹಿಂಬದಿಯ ಪ್ರತಿಧ್ವನಿ. ಎರಡು ಮೈಗಳೂ ಸಮಾಂತರವಾಗಿರುವ ಕಡೆ, ವಸ್ತುವಿನ ಹಿಂಬದಿಯಿಂದ ಮರಳುವ ಧ್ವನಿಯನ್ನು ಅಷ್ಟೇ ದಪ್ಪದ ನಯವಾದ ಗಟ್ಟಿಯಿಂದ ಮರಳುವ ಧ್ವನಿಯೊಡನೆ ಹೋಲಿಸಬೇಕು. ಅದು ಅರ್ಧಕ್ಕಿಳಿದಿದ್ದರೆ 6 ಡೆಸಿಬೆಲ್ ನಷ್ಟ. ಉಪಕರಣದ ವರ್ಧನೆಯನ್ನು ಅಷ್ಟು ಏರಿಸಬೇಕು. ಹಿಂಬದಿಯ ಧ್ವನಿ ಪೂರ್ತಿಯಾಗಿ ಅಡಗಿದ್ದರೆ ಕಾರಣ ಮೈಯ ಒರಟೂ ಇರಬಹುದು, ಒಳಗೆ ಓರೆಯಾಗಿ ನಿಂತು ಧ್ವನಿಯನ್ನು ಬೇರೆಡೆಗೆ ಹಾಯಿಸುವ ಬಿರುಕೂ ಇರಬಹುದು. ಅಲ್ಲಿ ಅಂಗೈಯಗಲದಷ್ಟು ಜಾಗವನ್ನು ಉಜ್ಜಿ ನಯಮಾಡಿ ಮತ್ತೆ ನೋಡುವುದೊಂದೇ ದಾರಿ. ಅದಕ್ಕೆ ಅವಕಾಶವಿಲ್ಲದಿದ್ದರೆ ಆ ಭಾಗದ ಪರೀಕ್ಷೆ ಆಗಿಲ್ಲವೆಂದೇ ವರದಿಯಲ್ಲಿ ಬರೆಯಬೇಕಾಗುತ್ತದೆ.