ಕ್ಯೂಬ್ ಜೋಡಣೆ: ದಾಖಲೆ ನೋಡಬೇಕೇ, ಸರಾಸರಿ ನೋಡಬೇಕೇ?



ಹಂಗೇರಿಯ ಎರ್ನೋ ರೂಬಿಕ್ 1974ರಲ್ಲಿ ರೂಪಿಸಿದ ಕ್ಯೂಬ್ ಈಗ ನಿಮ್ಮಲ್ಲಿ ಹಲವರ ಕೈಯಲ್ಲಿದೆ. ಜೋಡಿಸಲು ಕಲಿತ ಮೇಲೆ ಎಲ್ಲರ ಗಮನವೂ ವೇಗದ ಕಡೆಗೆ ಹೋಗ್ತದೆ. ಮೊದಲ ವಾರ ದಿನಾ ಹೊಸ ದಾಖಲೆ. ಆಮೇಲೆ ವಾರಗಟ್ಟಲೆ ದಾಖಲೆ ಮುರಿಯುವುದೇ ಇಲ್ಲ. "ಇನ್ನು ನನ್ನಿಂದಾಗದು" ಎಂದು ಹಲವರು ಕ್ಯೂಬನ್ನು ಮೂಲೆಗಿಡುವುದು ಈ ಹಂತದಲ್ಲೇ. ಹಾಗೆ ಕೈಬಿಡುವ ಮೊದಲು, ನೀವು ಅಳೆಯುತ್ತಿರುವುದು ಏನನ್ನು ಎಂದು ಸ್ವಲ್ಪ ನೋಡೋಣ.

ನಿಮ್ಮ ಸಾಮರ್ಥ್ಯ ಬದಲಾಗಿಲ್ಲ, ಸಮಯ ಮಾತ್ರ ಆಕಸ್ಮಿಕವಾಗಿ ಹೆಚ್ಚು ಕಡಿಮೆ ಆಗ್ತಿದೆ ಎಂದಿಟ್ಟುಕೊಳ್ಳಿ. ಹತ್ತು ಸಲ ಜೋಡಿಸಿದರೆ, ಹತ್ತನೆಯದೇ ಎಲ್ಲಕ್ಕಿಂತ ಕಡಿಮೆ ಸಮಯದ್ದಾಗುವ ಸಂಭವನೀಯತೆ 1/10. ನೂರನೆಯ ಸಲಕ್ಕೆ ಅದು 1/100. ಅಂದರೆ ಅಭ್ಯಾಸ ಹೆಚ್ಚಿದ ಹಾಗೆ ದಾಖಲೆ ಅಪರೂಪವಾಗುವುದು ಸಹಜ. ನೀವು ನಿಜವಾಗಿ ಸುಧಾರಿಸುತ್ತಿದ್ದರೂ, ಎಂದೋ ಅದೃಷ್ಟದಿಂದ ಬಂದ ಒಂದು ಒಳ್ಳೆಯ ಸಮಯ ಅದನ್ನು ಮರೆಮಾಡಬಹುದು.

ಪ್ರಯೋಗಾಲಯದಲ್ಲಿ ಲೋಲಕದ ಅವಧಿ ಕಂಡುಹಿಡಿಯುವಾಗ ಒಂದೇ ಆಂದೋಲನವನ್ನು ಅಳೆದು ಬಿಡುವುದಿಲ್ಲ ಅಲ್ವಾ? ಇಪ್ಪತ್ತು ಆಂದೋಲನ ಎಣಿಸಿ ಸರಾಸರಿ ತೆಗೆಯುತ್ತೇವೆ. ಕ್ಯೂಬಿಗೂ ಅದೇ ನ್ಯಾಯ. ವರ್ಲ್ಡ್ ಕ್ಯೂಬ್ ಅಸೋಸಿಯೇಶನ್ ಸ್ಪರ್ಧೆಗಳಲ್ಲಿ 3×3 ಕ್ಯೂಬಿಗೆ ಸಾಮಾನ್ಯವಾಗಿ ಐದು ಅವಕಾಶ. ಅತ್ಯುತ್ತಮ ಮತ್ತು ಅತಿ ಕೆಟ್ಟ ಸಮಯಗಳನ್ನು ಬಿಟ್ಟು, ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಒಂದು ಸಲ ಜೋಡಣೆ ಪೂರ್ತಿಯಾಗದಿದ್ದರೆ ಅದೇ ಅತಿ ಕೆಟ್ಟದ್ದು. ಎರಡು ಸಲ ಹಾಗಾದರೆ ಸರಾಸರಿಯೇ ಸಿಗದು.

ಈಗ ಒಂದು ಉದಾಹರಣೆ. ಇಬ್ಬರು ಗೆಳತಿಯರ ಸಮಯ, ಸೆಕೆಂಡುಗಳಲ್ಲಿ:

ಮೊದಲನೆಯವಳು: 38, 52, 41, 67, 45
ಎರಡನೆಯವಳು: 44, 47, 45, 46, 49

ಲೆಕ್ಕ ಮಾಡಿ ನೋಡಿ, ಇಬ್ಬರ ಸರಾಸರಿಯೂ 46. ಆದರೆ ಗರಿಷ್ಠದಿಂದ ಕನಿಷ್ಠವನ್ನು ಕಳೆದರೆ ಸಿಗುವ ವ್ಯಾಪ್ತಿ ಮೊದಲನೆಯವಳಿಗೆ 29, ಎರಡನೆಯವಳಿಗೆ ಬರೇ 5. ದಾಖಲೆ ಮೊದಲನೆಯವಳದ್ದು, ಸ್ಥಿರತೆ ಎರಡನೆಯವಳದ್ದು. ಇಬ್ಬರಿಗೂ ಬೇಕಾದ ಅಭ್ಯಾಸ ಬೇರೆ ಬೇರೆ.

ವ್ಯಾಪ್ತಿ ದೊಡ್ಡದಿದ್ದರೆ ಎಲ್ಲೋ ತಡೆ ಇದೆ ಎಂದರ್ಥ. ಮೊದಲ ಪದರ, ನಡುವಿನ ಪದರ, ಕೊನೆಯ ಪದರ, ಇವುಗಳಲ್ಲಿ ಪ್ರತಿಯೊಂದಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂದು ಗೆಳೆಯರಿಂದ ಅಳೆಸಿ. ಹೆಚ್ಚಾಗಿ ಸಮಯ ಹೋಗುವುದು ಬೆರಳು ನಿಧಾನವಾದ್ದರಿಂದ ಅಲ್ಲ, ಮುಂದಿನ ತುಂಡು ಎಲ್ಲಿದೆ ಎಂದು ಹುಡುಕುವುದರಲ್ಲಿ. ಹಾಗಿದ್ದರೆ ಬೇಕೆಂದೇ ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ತಿರುಗಿಸಿ. ಕೈ ಒಂದು ತುಂಡನ್ನು ಕೂರಿಸುವಾಗಲೇ ಕಣ್ಣು ಮುಂದಿನದನ್ನು ಹುಡುಕಲಿ. ವ್ಯಾಪ್ತಿ ಚಿಕ್ಕದಿದ್ದು ಸರಾಸರಿ ಇಳಿಯದಿದ್ದರೆ, ಈಗಿನ ವಿಧಾನದಲ್ಲಿ ಕೈ ಪಳಗಿದೆ. ಕೊನೆಯ ಪದರಕ್ಕೆ ಹೊಸ ಸೂತ್ರ ಕಲಿಯುವ ಹೊತ್ತು ಬಂದಿದೆ. ಕಲಿಯುವಾಗ ಕೆಲವು ದಿನ ಸರಾಸರಿ ಏರೀತು, ಹೆದರಬೇಡಿ.

ಅಳತೆಯಲ್ಲಿ ಎರಡು ಎಚ್ಚರ ಬೇಕು. ಕ್ಯೂಬನ್ನು ಪ್ರತಿಸಲ ಇನ್ನೊಬ್ಬರು ಚೆನ್ನಾಗಿ, ಕನಿಷ್ಠ 20 ತಿರುವು ಕೊಟ್ಟು ಕಲಸಲಿ. ಅರೆಬರೆ ಕಲಸಿದ ಕ್ಯೂಬಿನ ಸಮಯ ಲೆಕ್ಕಕ್ಕಿಲ್ಲ. ಇನ್ನೊಂದು, ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡು ಬೇಕು. ಆದ್ದರಿಂದ ಗೆಳೆಯರು ಸ್ಟಾಪ್‌ವಾಚ್ ಒತ್ತುವಾಗ 45.31, 45.38 ಎಂಬ ವ್ಯತ್ಯಾಸಕ್ಕೆ ಅರ್ಥವಿಲ್ಲ. 45 ಎಂದು ಬರೆದರೆ ಸಾಕು.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಐದು ಸಮಯ, ಸರಾಸರಿ, ವ್ಯಾಪ್ತಿ, ಎಲ್ಲಿ ತಡವಾಯಿತು ಎಂಬ ಐದು ಕಾಲಂ ಹಾಕಿ. ಕೆಟ್ಟ ಸಮಯವನ್ನೂ ಬಿಡದೆ ಬರೆಯಿರಿ. ನಾಲ್ಕು ವಾರ ಕಳೆದ ಮೇಲೆ ಗ್ರಾಫ್ ಕಾಗದದಲ್ಲಿ ದಿನವನ್ನು x ಅಕ್ಷದಲ್ಲೂ ಸರಾಸರಿಯನ್ನು y ಅಕ್ಷದಲ್ಲೂ ಗುರುತಿಸಿ. ಒಂದೊಂದು ದಿನ ಗೆರೆ ಮೇಲೆ ಹಾರಬಹುದು. ಒಟ್ಟಾರೆ ಅದು ಕೆಳಗೆ ಬಾಗುತ್ತಿದೆಯೇ, ಅದನ್ನು ನೋಡಿ. ಬಾಗುತ್ತಿದ್ದರೆ, ಹಳೆಯ ದಾಖಲೆ ಹಾಗೇ ನಿಂತಿದ್ದರೂ ನೀವು ಮುಂದೆ ಹೋಗ್ತಾ ಇದ್ದೀರಿ.