ಲಾರಿಯ ಸ್ಟೆಪ್ನಿ

ಮಂಗಳೂರಿನಿಂದ ಹೊರೆ ತುಂಬಿಕೊಂಡು ಶಿರಾಡಿ ಘಟ್ಟವನ್ನೇರುವ ಲಾರಿಯಲ್ಲಿ, ಉಳಿದ ಗಾಲಿಗಳೆಲ್ಲ ಭಾರವನ್ನು ಹೊತ್ತು ಉರುಳುತ್ತಿರಲು, ಷಾಸಿಯ ಅಡಿಯಲ್ಲಿ ಸರಪಳಿಗೆ ಬಿಗಿದ ಒಂದು ಗಾಲಿ ಮಾತ್ರ ನಿರುದ್ಯೋಗಿಯಂತೆ ಪ್ರಯಾಣ ಮಾಡುತ್ತದೆ. ಕಣ್ಣಿಗೆ ಬೀಳದುದರಿಂದಲೇ ಅದಕ್ಕೆ ಅನಾದರ. ಬೇರೆಲ್ಲಿಯೂ ಸಲ್ಲದಷ್ಟು ಸವೆದ ಟೈರನ್ನು ‘ಸ್ಟೆಪ್ನಿಗೆ ಇರಲಿ’ ಎಂದು ಕಟ್ಟಿಸುವ ಮಾಲೀಕರು ನಮ್ಮಲ್ಲಿ ವಿರಳರೇನೂ ಅಲ್ಲ. ಇದು ಉಳಿತಾಯವಲ್ಲ, ನಷ್ಟವನ್ನು ಮುಂದೂಡುವ ಉಪಾಯ.

ಆದಿಯಲ್ಲಿ ಮೋಟಾರುಗಳಿಗೆ ಹೆಚ್ಚುವರಿ ಗಾಲಿಯೇ ಇರಲಿಲ್ಲ. ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಡೇವೀಸ್ ಸೋದರರು ಮಾರಾಟಕ್ಕೆ ತಂದ ಸಾಧನವು, ಪಂಚರಾದ ಗಾಲಿಗೆ ಹೊರಗಿನಿಂದ ಬಿಗಿಯಬಹುದಾಗಿದ್ದ, ಟೈರು ತೊಡಿಸಿದ ಲೋಹದ ಬಳೆ ಮಾತ್ರವಾಗಿತ್ತು; ಸ್ಟೆಪ್ನಿಯೆಂಬ ಹೆಸರು ಬಂದುದು ಆ ಬೀದಿಯಿಂದಲೇ.

ಬಳಸದ ಟೈರು ಕೆಡುವುದಿಲ್ಲವೆಂಬುದು ಭ್ರಮೆ. ಬಿಸಿಲು, ಆಮ್ಲಜನಕ ಇವು ರಬ್ಬರನ್ನು ಗಡುಸುಮಾಡಿ ಪಾರ್ಶ್ವದಲ್ಲಿ ಸಣ್ಣ ಬಿರುಕುಗಳನ್ನೆಬ್ಬಿಸುತ್ತವೆ. ಚಕ್ರದಿಂದ ಸಿಡಿಯುವ ಕೆಸರುನೀರಿಗೆ ಸರಪಳಿಗೂ ಅದರ ಕೊಂಡಿಗೂ ತುಕ್ಕು ಹಿಡಿದು, ಸುಮಾರು 100 ಕಿಲೋ ತೂಗುವ ಗಾಲಿ ಒಂದು ದಿನ ಹೆದ್ದಾರಿಯಲ್ಲಿ ಕಳಚಿಬಿದ್ದರೆ ಹಿಂದೆ ಬರುವವರ ಗತಿ ಹೇಳತೀರದು. ಟೈರಿನ ಪಾರ್ಶ್ವದಲ್ಲಿ ಅಚ್ಚಾದ ನಾಲ್ಕು ಅಂಕಿಗಳೇ ಅದರ ಜಾತಕ: 2322 ಎಂದಿದ್ದರೆ 2022ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದರ್ಥ. ಕ್ಲೀನರನು ಕಬ್ಬಿಣದ ಸಲಾಕೆಯಿಂದ ಟೈರುಗಳನ್ನು ಒಂದೊಂದಾಗಿ ತಟ್ಟುತ್ತ, ನಾದವನ್ನಾಲಿಸಿ ಗಾಳಿಯಿದೆಯೆಂದು ನಿರ್ಣಯಿಸುವುದುಂಟು. ಪೂರ್ತಿ ಇಳಿದ ಟೈರನ್ನು ಆ ತಟ್ಟು ಹಿಡಿದುಕೊಡುತ್ತದೆ, ನಿಜ. ಆದರೆ 110 ಪೌಂಡು ಇರಬೇಕಾದಲ್ಲಿ 80 ಮಾತ್ರವಿರುವುದನ್ನು ಯಾವ ಕಿವಿಯೂ ಗುರುತಿಸಲಾರದು. ಟೈರು ತಣ್ಣಗಿರುವಾಗ ಗೇಜು ಹಿಡಿದು ನೋಡುವುದೊಂದೇ ದಾರಿ.

ಪಂಚರಾದಲ್ಲಿ ಲಾರಿಯನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಉಳಿದ ಗಾಲಿಗಳಿಗೆ ಕಲ್ಲು ಒತ್ತಿಟ್ಟು, ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಅನಂತರ ಹಲಗೆಯ ಮೇಲೆ ಜಾಕಿ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಲಾರಿಯಡಿಗೆ ನುಸುಳಕೂಡದು. ಮುಂದಿನ ಗಾಲಿ ಕೆಟ್ಟು, ಸ್ಟೆಪ್ನಿಯು ರಿಸೋಲ್ (ಸವೆದ ಟೈರಿಗೆ ಹೊಸ ರಬ್ಬರು ಹಾಕುವುದು) ಮಾಡಿಸಿದುದಾಗಿದ್ದರೆ, ಬಲ್ಲ ಚಾಲಕರು ಹಿಂದಿನಿಂದ ಒಂದು ಒಳ್ಳೆಯ ಗಾಲಿಯನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕುತ್ತಾರೆ. ಶ್ರಮ ಇಮ್ಮಡಿಯಾದರೂ ಅದೇ ವಿವೇಕ. ಹಿಂದಿನ ಜೋಡಿ ಗಾಲಿಗಳಲ್ಲಿ ಹೊಸ ಟೈರಿನ ಪಕ್ಕಕ್ಕೆ ಸವೆದುದಿದ್ದರೆ, ದೊಡ್ಡದು ಭಾರವನ್ನೆಲ್ಲ ಹೊತ್ತು ಕಾಯುತ್ತದೆ, ಚಿಕ್ಕದು ನೆಲಕ್ಕೆ ಉಜ್ಜಿ ಮತ್ತಷ್ಟು ಸವೆಯುತ್ತದೆ. ಆದುದರಿಂದ ಇಂಥ ಜೋಡಣೆ ಊರು ಮುಟ್ಟುವವರೆಗೆ ಮಾತ್ರ.

ಪಂಚರ್ ಅಂಗಡಿಯಲ್ಲಿ ಲಾಕ್ ರಿಂಗಿನ ಗಾಲಿಗೆ ಗಾಳಿ ಹಿಡಿಸುವಾಗ ಎದುರಿಗೆ ನಿಲ್ಲಬೇಡಿ. ಸರಿಯಾಗಿ ಕೂರದ ಆ ಉಂಗುರ ಚಿಮ್ಮಿ ಪ್ರಾಣ ತೆಗೆದುದುಂಟು. ಗಾಲಿಯನ್ನು ಒಳಗಿಟ್ಟು ಗಾಳಿ ತುಂಬಲು ಕಬ್ಬಿಣದ ಪಂಜರವಿರುವ ಅಂಗಡಿಯನ್ನೇ ಹುಡುಕಿ. ದುರಸ್ತಿಯಾದ ಟೈರನ್ನು ಅಂದೇ ಸರಪಳಿಗೆ ಬಿಗಿಸಿ. ಗಾಲಿ ಬದಲಾಯಿಸಿದ ಮೇಲೆ ಎದುರುಬದುರು ಕ್ರಮದಲ್ಲಿ ಬಿಗಿದ ನಟ್ಟುಗಳು ಬಣ್ಣ, ತುಕ್ಕು ಅಮುಕಿಹೋಗಿ ತುಸು ಸಡಿಲವಾಗುವುದರಿಂದ, 50ರಿಂದ 80 ಕಿಲೋಮೀಟರು ಓಡಿಸಿದ ಬಳಿಕ ಲಾರಿ ನಿಲ್ಲಿಸಿ ಅವನ್ನು ಮತ್ತೊಮ್ಮೆ ಬಿಗಿಯತಕ್ಕದ್ದು.