ನಿಮಗಿದು ಗೊತ್ತೇ? ಚಿಕ್ಕಪಡಸಲಗಿಯ ಸುತ್ತಮುತ್ತ

ಮನೆ, ಊಟ, ದ್ರಾಕ್ಷಿ, ದಾರಿ, ಯಂತ್ರ. ದಿನವೂ ಕಣ್ಣೆದುರೇ ಇರುವ ಇವುಗಳ ಹಿಂದೆ ತಿಳಿಯಬೇಕಾದದ್ದು ಬಹಳ ಇದೆ. ಬಾಗಲಕೋಟೆ ಜಿಲ್ಲೆಯ ಕೃಷ್ಣಾ ದಂಡೆಯ ಚಿಕ್ಕಪಡಸಲಗಿಯಿಂದ ಹೊರಟು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿ ಬರೋಣ ಬನ್ನಿ.

ರೈತರೇ ಕಟ್ಟಿದ ಬ್ಯಾರೇಜ್
ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆ ಬಂತೆಂದರೆ ಬತ್ತಿಹೋಗುತ್ತಿದ್ದಳು. ದಂಡೆಯ ರೈತರು ಸರ್ಕಾರದ ದಾರಿ ಕಾಯುತ್ತ ಕೂರಲಿಲ್ಲ. ತಾವೇ ವಂತಿಗೆ ಕೂಡಿಸಿದರು, ತಾವೇ ಶ್ರಮದಾನಕ್ಕೆ ಇಳಿದರು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಎದ್ದು ನಿಂತಿತು. ಅದರ ಹೆಸರು ಶ್ರಮಬಿಂದು ಸಾಗರ. ರೈತರು ಸ್ವಂತ ಬಲದಿಂದ ಕಟ್ಟಿದ ದೇಶದ ಮೊದಲ ಬ್ಯಾರೇಜ್ ಎಂದು ಅದು ಪ್ರಸಿದ್ಧವಾಗಿದೆ.

ಬ್ಯಾರೇಜ್ ಸಿದ್ದು
ಈ ಕೆಲಸಕ್ಕೆ ಮುಂದಾಳಾಗಿದ್ದವರು ಸಿದ್ದು ನ್ಯಾಮಗೌಡ. ಜನ ಅವರನ್ನು ಕರೆದದ್ದೇ ‘ಬ್ಯಾರೇಜ್ ಸಿದ್ದು’ ಎಂದು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತ ಅವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರನ್ನೇ ಸೋಲಿಸಿದರು. ಪಿ.ವಿ. ನರಸಿಂಹ ರಾವ್ ಅವರ ಸರ್ಕಾರದಲ್ಲಿ ಕಲ್ಲಿದ್ದಲು ಖಾತೆಯಲ್ಲಿ ಸಚಿವರೂ ಆದರು. 2018ರ ಮೇ ತಿಂಗಳಲ್ಲಿ, ಜಮಖಂಡಿಯ ಶಾಸಕರಾಗಿದ್ದಾಗಲೇ, ತುಳಸಿಗೇರಿ ಬಳಿಯ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅಣೆಕಟ್ಟಿಗೂ ಬ್ಯಾರೇಜಿಗೂ ವ್ಯತ್ಯಾಸ
ಎತ್ತರದ ಅಣೆಕಟ್ಟು ಊರು-ಹೊಲಗಳನ್ನು ಮುಳುಗಿಸಿ ನೀರು ಹಿಡಿಯುತ್ತದೆ. ಇಂಥ ತಗ್ಗಿನ ಬ್ಯಾರೇಜ್ ಹೆಚ್ಚಾಗಿ ಹೊಳೆಯ ಎರಡು ದಂಡೆಗಳ ನಡುವೆಯೇ ನೀರು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಗೇಟುಗಳನ್ನು ತೆರೆದಿಟ್ಟರೆ ಮಹಾಪೂರವೂ ಹೂಳೂ ಮುಂದೆ ಸಾಗುತ್ತವೆ. ಮಳೆ ಹಿಂದೆ ಸರಿದ ಮೇಲೆ ಗೇಟು ಹಾಕಿದರೆ ಬೇಸಿಗೆಗೆ ನೀರು ಉಳಿಯುತ್ತದೆ.

ಕೆಳಗಿನ ನೀರು ಮೇಲಕ್ಕೆ
ಚಿಕ್ಕಪಡಸಲಗಿಯ ಕೆಳಗಡೆಗೆ ಆಲಮಟ್ಟಿ ಜಲಾಶಯದ ಹಿನ್ನೀರು ಬರುತ್ತದೆ. ಆ ನೀರನ್ನು ದೊಡ್ಡ ದೊಡ್ಡ ಮೋಟರುಗಳಿಂದ ಎತ್ತಿ ಬ್ಯಾರೇಜಿನ ಮೇಲ್ಭಾಗಕ್ಕೆ ತುಂಬಿಸಿಕೊಳ್ಳುವ ಕೆಲಸವನ್ನೂ ಇಲ್ಲಿನ ರೈತರು ಮಾಡಿದ್ದಾರೆ. ಹರಿದುಹೋದ ನೀರನ್ನು ಹೀಗೆ ಮರಳಿ ತರುವ ಊರುಗಳು ನಾಡಿನಲ್ಲಿ ಅಪರೂಪ.

ಎ.ಸಿ. ಇಲ್ಲದ ತಂಪು
ಈ ಕಡೆಯ ಹಳೆಯ ಮನೆಗಳಿಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ, ನಡುವೆ ಬೆಳಕಿಂಡಿ. ಹಗಲಿನ ಬಿಸಿ ದಪ್ಪ ಮಣ್ಣನ್ನು ದಾಟಿ ಒಳಗೆ ಬರುವುದಕ್ಕೆ ತಾಸುಗಟ್ಟಲೆ ಬೇಕು. ಅಷ್ಟೊತ್ತಿಗೆ ಹೊತ್ತು ಮುಳುಗಿ ಹೊರಗೆ ಗಾಳಿ ತಂಪಾಗಿರುತ್ತದೆ. ಬಿಸಿಯಾದ ಒಳಗಾಳಿ ಬೆಳಕಿಂಡಿಯಿಂದ ಮೇಲೇರಿ ಹೋಗುತ್ತದೆ. ತೆಳುವಾದ ಸಿಮೆಂಟ್ ತಾರಸಿಗೆ ಈ ಗುಣವಿಲ್ಲ.

ನೆಲದೊಳಗಿನ ಕಣಜ
ಫ್ರಿಜ್ಜೂ ಗೋದಾಮೂ ಇಲ್ಲದ ಕಾಲದಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ನುಸಿ-ಹುಳ ಬದುಕುವುದಿಲ್ಲ. ಅದೇ ಗಾಳಿ ಮನುಷ್ಯನಿಗೂ ಅಪಾಯ. ಅದಕ್ಕೇ ಹಗೇವು ತೆರೆದ ಕೂಡಲೇ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಸಿ, ಅದು ಆರದೆ ಉರಿಯುತ್ತದೆಯೇ ಎಂದು ನೋಡುತ್ತಿದ್ದರು.

ಬಿಸಿನೀರಿಲ್ಲದೆ ರೊಟ್ಟಿ ಇಲ್ಲ
ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇದೆ, ಜೋಳದಲ್ಲಿ ಇಲ್ಲ. ಕುದಿನೀರು ಬಿದ್ದಾಗ ಜೋಳದ ಪಿಷ್ಟ ಬೆಂದು ಅಂಟಾಗುತ್ತದೆ. ಆ ಅಂಟಿನ ಬಲದಿಂದಲೇ ರೊಟ್ಟಿ ಬಡಿಯುವಾಗ ಒಡೆಯದೆ ಅಗಲವಾಗುತ್ತದೆ. ತಣ್ಣೀರಿನಲ್ಲಿ ನಾದಿದರೆ ಅಂಚು ಸೀಳುತ್ತದೆ. ನೀರಿನಂಶ ಪೂರ್ತಿ ಹೋಗುವ ಹಾಗೆ ಸುಟ್ಟ ಖಡಕ್ ರೊಟ್ಟಿಗೆ ಬೂಸಲು ಹಿಡಿಯುವುದಿಲ್ಲ. ದೂರದ ಊರಿನ ಬುತ್ತಿಗೆ ಅದಕ್ಕಿಂತ ನಂಬಿಕೆಯ ಊಟ ಬೇರೆ ಇಲ್ಲ.

ಮಳೆಯಿಲ್ಲದೆ ಬೆಳೆಯುವ ಬಿಳಿಜೋಳ
ಹಿಂಗಾರಿ ಬಿಳಿಜೋಳ ಬಿತ್ತುವುದು ಮಳೆಗಾಲದ ಕೊನೆಗೆ. ಆಮೇಲೆ ಹನಿ ಬೀಳದಿದ್ದರೂ ಎರೆಭೂಮಿ ಒಡಲಲ್ಲಿ ಹಿಡಿದಿಟ್ಟ ತೇವದ ಮೇಲೆ, ಚಳಿಯ ಇಬ್ಬನಿಯಲ್ಲಿ ಬೆಳೆ ಏಳುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಆ ಪಟ್ಟಿಯಲ್ಲಿ ಜೋಳ, ಸಜ್ಜೆ ಎರಡೂ ಇದ್ದವು. ನಮ್ಮ ಅವ್ವಂದಿರ ಒಲೆಯ ಮೇಲೆ ಅವು ಎಂದೂ ಇದ್ದವು.

ಅಗಸಿ ಹಿಂಡಿಯ ಬಲ
ರೊಟ್ಟಿಯ ಪಕ್ಕದಲ್ಲಿರುವ ಅಗಸಿ ಹಿಂಡಿಯಲ್ಲಿ ಒಮೆಗಾ-3 ಕೊಬ್ಬು ಹೇರಳ. ಅಗಸಿಯನ್ನು ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿ ತಿಂದರೆ ಮೈಗೆ ಹತ್ತುತ್ತದೆ. ಒಂದೇ ಸಲ ಬಹಳ ಕುಟ್ಟಿ ಇಡಬೇಡಿ, ಎಣ್ಣೆಯಂಶ ಗಾಳಿಗೆ ಬೇಗ ಕಮಟುತ್ತದೆ.

ಗಡಿಗೆಯ ಗುಟ್ಟು
ಬೀಳಗಿ ಕಡೆಯಿಂದ ಕೃಷ್ಣೆಯ ಸೇತುವೆ ದಾಟಿದರೆ ಕೊಲ್ಹಾರ. ಅಲ್ಲಿ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ಕೊಳ್ಳದೆ ಬಸ್ಸು ಹತ್ತುವವರು ಕಡಿಮೆ. ಎಮ್ಮೆ ಹಾಲಿನಲ್ಲಿ ಆಕಳ ಹಾಲಿಗಿಂತ ಹೆಚ್ಚು ಕೊಬ್ಬಿದೆ. ಅದರ ಮೇಲೆ ಮಣ್ಣಿನ ಗಡಿಗೆ ನೀರಿನಂಶವನ್ನು ಹೀರಿ ಹೊರಗೆ ಆರಲು ಬಿಡುತ್ತದೆ. ಮೊಸರು ಗಟ್ಟಿಯೂ ಆಗುತ್ತದೆ, ತಂಪೂ ಆಗುತ್ತದೆ. ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ಹಾಕಿದರೆ ಆ ರುಚಿ ಬಾರದು.

ಬೆಲ್ಲದ ಬಣ್ಣ ನೋಡಿ ಮೋಸಹೋಗದಿರಿ
ಮಹಾಲಿಂಗಪುರದ ಬೆಲ್ಲದ ಪೇಟೆ ಈ ಭಾಗದಲ್ಲಿ ಹೆಸರುವಾಸಿ. ನೂರು ಕಿಲೋ ಕಬ್ಬು ಅರೆದರೆ ಸಿಗುವ ಬೆಲ್ಲ ಸುಮಾರು ಹತ್ತು ಕಿಲೋ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕುವ ಹಳೆಯ ಪದ್ಧತಿ ಇದೆ. ಲೋಳೆ ಕಸರನ್ನು ಹಿಡಿದು ಮೇಲಕ್ಕೆ ತರುತ್ತದೆ, ಅದನ್ನು ತೆಗೆದು ಚೆಲ್ಲುತ್ತಾರೆ. ಬಂಗಾರದ ಬಣ್ಣಕ್ಕಾಗಿ ರಾಸಾಯನಿಕ ಬೆರೆಸುವವರೂ ಇದ್ದಾರೆ. ಕೊಳ್ಳುವಾಗ ಕಂದು ಬೆಲ್ಲವನ್ನೇ ಕೇಳಿ. ನಾವು ಹೊಳಪು ಕೇಳುವುದನ್ನು ಬಿಟ್ಟರೆ ಅವರು ಬೆರೆಸುವುದನ್ನೂ ಬಿಡುತ್ತಾರೆ.

ವರ್ಷಕ್ಕೆರಡು ಚಾಟ್ನಿ, ಒಂದೇ ಬೆಳೆ
ಯುರೋಪಿನ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಿಸಿಲಿನಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ರೈತರು ಏಪ್ರಿಲ್ ಸುಮಾರಿಗೆ ಬಳ್ಳಿ ಸವರಿ ಒಂದು ಚಾಟ್ನಿ ಮಾಡಿ ಕಡ್ಡಿ ಬೆಳೆಸುತ್ತಾರೆ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟ್ನಿ ಮಾಡಿ ಹಣ್ಣು ಪಡೆಯುತ್ತಾರೆ. ತಿನ್ನುವ ತಳಿಯನ್ನು ಡಾಗ್ರಿಜ್ ಎಂಬ ಕಾಡು ಬೇರಿನ ಮೇಲೆ ಕಸಿ ಕಟ್ಟುವುದು ರೂಢಿ. ಸವಳು ನೀರನ್ನೂ ಬರವನ್ನೂ ಆ ಬೇರು ತಾಳಿಕೊಳ್ಳುತ್ತದೆ.

ನಾಲ್ಕು ಕಿಲೋ ಸೇರಿ ಒಂದು ಕಿಲೋ
ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಬೇಕು. ಹಣ್ಣಿನ ಮೈಮೇಲೆ ಮೇಣದ ಪದರ ಇರುವುದರಿಂದ ನೀರು ಹೊರಬರಲು ತಡ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದಾಗ ಆ ಪದರ ಸಡಿಲಾಗಿ ಸುಮಾರು ಎರಡು ವಾರದಲ್ಲಿ ಹಣ್ಣು ಒಣಗುತ್ತದೆ. ನೆರಳಿನ ಶೆಡ್ಡಿನಲ್ಲಿ ಒಣಗಿಸಿದರೆ ಹಸಿರು ಬಣ್ಣ ಉಳಿಯುತ್ತದೆ, ಬಿಸಿಲಿಗೆ ಹಾಕಿದರೆ ಕಂದಾಗುತ್ತದೆ. ಮನೆಯಲ್ಲಿ ಬಳಸುವ ಮುಂಚೆ ಚೆನ್ನಾಗಿ ತೊಳೆಯಿರಿ.

ವೈನ್ ಕೆಂಪಾಗುವುದು ಸಿಪ್ಪೆಯಿಂದ
ಕಪ್ಪು ದ್ರಾಕ್ಷಿಯನ್ನು ಹಿಂಡಿ ನೋಡಿ, ಹೆಚ್ಚಿನ ತಳಿಗಳಲ್ಲಿ ರಸ ಬಿಳಿಚಾಗಿಯೇ ಇರುತ್ತದೆ. ಸಿಪ್ಪೆಯ ಜೊತೆಗೇ ಹುಳಿಯಲು ಬಿಟ್ಟಾಗ ಬಣ್ಣ ರಸಕ್ಕೆ ಇಳಿಯುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮಾಡುತ್ತದೆ. ತೆರೆದಿಟ್ಟ ವೈನಿಗೆ ಗಾಳಿ ತಾಗಿದರೆ ಬೇರೊಂದು ಸೂಕ್ಷ್ಮಜೀವಿ ಅದನ್ನು ವಿನೆಗರ್ ಮಾಡುತ್ತದೆ. ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು 2007ರಲ್ಲಿ ತಂದಿತು. ಆದರೂ ನಮ್ಮ ದ್ರಾಕ್ಷಿಯ ಬಹುಪಾಲು ಹೋಗುವುದು ತಟ್ಟೆಗೆ ಮತ್ತು ಒಣದ್ರಾಕ್ಷಿಯ ಶೆಡ್ಡಿಗೆ. ವೈನಿಗೆ ಸೇರುವುದು ತೀರ ಅಲ್ಪ.

ಬೈಕಿನ ಟ್ಯಾಂಕಿನಲ್ಲಿ ಕಬ್ಬು
ವೈನಿನಲ್ಲಿ ನಡೆಯುವ ಹುಳಿಯುವಿಕೆಯೇ ಸಕ್ಕರೆ ಕಾರ್ಖಾನೆಯ ಕಾಕಂಬಿಯಲ್ಲೂ ನಡೆದು ಎಥೆನಾಲ್ ಹುಟ್ಟುತ್ತದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ 20 ಮುಟ್ಟಿತು. ಲೀಟರಿಗೆ ಎಥೆನಾಲ್ ಕೊಡುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಮೈಲೇಜ್ ತುಸು ಇಳಿದರೆ ಕಾರಣ ಇದೇ.

ಕಣ್ಣಿನಿಂದ ಬೇಟೆ
ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ತಳಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅದನ್ನು ಉಳಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಅದರ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಓಡಾಟಕ್ಕೆ ಬಯಲು ಬೇಕಾದ ಪ್ರಾಣಿ ಅದು. ನಗರದ ಸಣ್ಣ ಫ್ಲಾಟಿನಲ್ಲಿ ಕಟ್ಟಿಹಾಕಬೇಡಿ.

ನೀರು ಕುಡಿಯದೆ ದಿನ ಕಳೆಯುವ ಜಿಂಕೆ
ಬೀಳಗಿ–ಮುಧೋಳ ತಾಲ್ಲೂಕುಗಳ ಯಡಹಳ್ಳಿ ಕುರುಚಲು ಕಾಡು ಚಿಂಕಾರಗಳ ಧಾಮ. ಎಲೆ-ಹಣ್ಣುಗಳ ತೇವ, ಇಬ್ಬನಿಯ ಹನಿ ಇಷ್ಟರಲ್ಲೇ ಚಿಂಕಾರ ಬಹಳ ದಿನ ಬಾಳಬಲ್ಲದು.

ಮಗ್ಗದಿಂದ ಕಂಪ್ಯೂಟರಿಗೆ
ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ಇಂದಿಗೂ ಕೇಳುತ್ತದೆ. ಸೀರೆಯ ಅಂಚಿನಲ್ಲಿ ಹೂ-ಬಳ್ಳಿ ಮೂಡಿಸುವ ಜಕಾರ್ಡ್ ಯಂತ್ರಕ್ಕೆ ತೂತು ಹಾಕಿದ ರಟ್ಟಿನ ಪಟ್ಟಿಗಳೇ ಆಜ್ಞೆ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎತ್ತಿಕೊಂಡ. ಮುಂದೆ ಕಂಪ್ಯೂಟರುಗಳೂ ದಶಕಗಟ್ಟಲೆ ತೂತಿನ ಕಾರ್ಡುಗಳನ್ನೇ ಓದಿದವು. ನೇಕಾರರ ಮನೆಯಲ್ಲಿ ಗಣಕದ ಹಿರಿಯಜ್ಜನೇ ಇದ್ದಾನೆ.

ಬಳೆಗಾರರ ಮನೆಯ ಮಹಾಕವಿ
ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ ಮುದುವೊಳಲಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ. ಬಳೆಗಾರರ ಮನೆತನದ ಈ ಹುಡುಗ ಚಾಲುಕ್ಯ ಚಕ್ರವರ್ತಿಗಳ ಆಸ್ಥಾನ ಕವಿಯಾದ. ‘ಗದಾಯುದ್ಧ’, ‘ಅಜಿತಪುರಾಣ’ ಅವನ ಕೃತಿಗಳು. ‘ಅಜಿತಪುರಾಣ’ಕ್ಕೆ ಆಶ್ರಯ ಕೊಟ್ಟವಳು ದಾನಚಿಂತಾಮಣಿ ಅತ್ತಿಮಬ್ಬೆ.

ಸಾವಳಗಿಯಿಂದ ರಾಷ್ಟ್ರಪತಿ ಭವನಕ್ಕೆ
ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿ ಮೊದಲು ಜಮಖಂಡಿ ಸಂಸ್ಥಾನದ, ಆಮೇಲೆ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ಉಪರಾಷ್ಟ್ರಪತಿಯಾಗಿದ್ದಾಗ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು.

ಮನೆಯಿಂದಲೇ ಮೋಟರು
ಹೊಲದ ಮೋಟರನ್ನು ಮನೆಯಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಈಗ ಹಳ್ಳಿಹಳ್ಳಿಯಲ್ಲಿದೆ. ರಾತ್ರಿ ಕರೆಂಟು ಬಂದಾಗ ಹಾವು-ಚೇಳಿನ ಭಯದಲ್ಲಿ ಹೊಲಕ್ಕೆ ಓಡಬೇಕಿಲ್ಲ. ಹಾಗೆಂದು ಚಾಲೂ ಮಾಡಿ ಮರೆತು ಮಲಗಿದರೆ ನೀರು ಬದು ದಾಟಿ ಹೋಗುತ್ತದೆ. ನಿಲ್ಲಿಸುವ ಹೊತ್ತನ್ನೂ ಮೊದಲೇ ನಿಗದಿ ಮಾಡಿಡಿ.

ಮಳೆಯ ಲೆಕ್ಕ, ಕಬ್ಬಿನ ಲೆಕ್ಕ
ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಒಂದು ಬೆಳೆ ಕಬ್ಬು ಬೇಡುವುದು 1,500ರಿಂದ 2,500 ಮಿಲಿಮೀಟರ್ ನೀರು. ನಡುವಿನ ಕೊರತೆಯನ್ನು ತುಂಬುತ್ತಿರುವುದು ಕೃಷ್ಣೆ, ಘಟಪ್ರಭೆ ಮತ್ತು ನೆಲದೊಳಗಿನ ನೀರು. ಅತಿಯಾಗಿ ನೀರು ಹಾಯಿಸಿದ ಎರೆಭೂಮಿ ಸವಳು-ಜವಳಾಗಿ ಬಂಜರಾಗುತ್ತದೆ. ಅದನ್ನು ಸರಿಪಡಿಸಲು ವರ್ಷಗಳೇ ಬೇಕು. ಹನಿ ನೀರಾವರಿಯಲ್ಲಿ ನೀರು ಬುಡಕ್ಕಷ್ಟೇ ಸೇರುತ್ತದೆ, ನೀರೂ ಉಳಿಯುತ್ತದೆ, ನೆಲವೂ ಉಳಿಯುತ್ತದೆ.

ಹಿರಿಯರು ಬೆವರು ಸುರಿಸಿ ಹೊಳೆಯಲ್ಲಿ ನೀರು ನಿಲ್ಲಿಸಿಕೊಟ್ಟಿದ್ದಾರೆ. ಅದನ್ನು ಹಿತಮಿತವಾಗಿ ಬಳಸುವುದು ನಮ್ಮ ಪಾಲಿನ ಕೆಲಸ. ಈ ಹಂಗಾಮಿನಲ್ಲಿ ಒಂದು ಎಕರೆಗಾದರೂ ಹನಿ ಪೈಪು ಹಾಕಿಸಿ ನೋಡಿ. ಮಕ್ಕಳನ್ನು ಕರೆದುಕೊಂಡು ಚಿಕ್ಕಪಡಸಲಗಿಗೆ ಹೋಗಿ, ಈ ಬ್ಯಾರೇಜ್ ಕಟ್ಟಿದವರು ರೈತರು ಎಂದು ಅವರಿಗೆ ಹೇಳಿ.